ಕಾರ್ಮಿಕರ ಮಕ್ಕಳು ಕಲಿಯಬೇಕಾದ ಒಂದು ವಿದ್ಯೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ನಮ್ಮ ಸದಸ್ಯರೊಬ್ಬರು ನನ್ನಲ್ಲಿಗೆ ಬಂದಿದ್ದರು. ಅವರ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಮಾನವ ಸಂಪನ್ಮೂಲ ನಿರ್ವಹಣೆಯಲ್ಲಿ ಎರಡು ವರ್ಷದ ಎಂ.ಎ. ಓದಬೇಕೆಂದು ಅವಳ ಆಸೆ. "ಮಾಸ್ಟರೇ, ನಾನು ಮೂವತ್ತು ವರ್ಷ ಸಂಘಕ್ಕೆ ಚಂದಾ ಕೊಟ್ಟವ. ನನ್ನ ಮಗಳು ಧಣಿಗಳ ಪಕ್ಕದಲ್ಲಿ ಕೂತು ನಮ್ಮವರನ್ನು ಕೆಲಸದಿಂದ ತೆಗೆಯುವ ಕಾಗದಕ್ಕೆ ರುಜು ಹಾಕುವುದೋ?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಈ ವಿದ್ಯೆ ಹುಟ್ಟಿದ್ದು ಕಾರ್ಮಿಕರ ಕಷ್ಟದಿಂದಲೇ. ಹಿಂದೆ ಮುಂಬಯಿ ಗಿರಣಿಗಳಲ್ಲಿ ಕೆಲಸ ಕೊಡುವವನೂ ಬಿಡಿಸುವವನೂ ಮುಕದ್ದಮನೇ. ಅವನ ಕೈ ಬಿಸಿಮಾಡದೆ ಬದಲಿ ಕೆಲಸವೂ ಸಿಗುತ್ತಿರಲಿಲ್ಲ. 1931ರಲ್ಲಿ ವರದಿ ಕೊಟ್ಟ ರಾಯಲ್ ಕಾರ್ಮಿಕ ಆಯೋಗವು ಈ ಅಧಿಕಾರವನ್ನು ಮುಕದ್ದಮನ ಕೈಯಿಂದ ತೆಗೆದು, ಗಿರಣಿಗಳಲ್ಲಿ ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದಿತು. 1936ರಲ್ಲಿ ಇದೇ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನಲ್ಲಿ ಸಮಾಜಕಾರ್ಯದ ಶಾಲೆ ತೆರೆಯಿತು. ಅದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. 1949ರಲ್ಲಿ ಜಮ್ಶೆಡ್‌ಪುರದಲ್ಲಿ ಇನ್ನೊಂದು ಸಂಸ್ಥೆ ಹುಟ್ಟಿತು. 'ಕಾರ್ಮಿಕ ಸಂಬಂಧ' ಎಂಬುದು ಅದರ ಹೆಸರಿನಲ್ಲಿಯೇ ಇತ್ತು.

1948ರ ಕಾರ್ಖಾನೆ ಕಾಯ್ದೆಯು 500 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಅವನು ಈ ವಿದ್ಯೆ ಕಲಿತಿರಬೇಕು, ಕಾರ್ಮಿಕರಲ್ಲಿ ಹೆಚ್ಚಿನವರ ಭಾಷೆಯನ್ನೂ ತಿಳಿದಿರಬೇಕು ಎಂದು ಹಲವು ರಾಜ್ಯಗಳು ನಿಯಮ ಮಾಡಿದವು. 2020ರ ಹೊಸ ಸಂಹಿತೆಯಲ್ಲಿ ಆ 500 ಎಂಬುದು 250ಕ್ಕೆ ಇಳಿಯಿತು.

ನಾನು ಹನ್ನೆರಡನೆಯ ವಯಸ್ಸಿಗೆ ಕೋಟೆ ಪ್ರದೇಶದ ಒಂದು ಹೋಟೆಲಿಗೆ ಗ್ಲಾಸು ತೊಳೆಯಲು ಸೇರಿದವ. ಒಂದು ದಿನ ಜತೆಯ ಹುಡುಗನ ಕೈಮೇಲೆ ಕುದಿಯುವ ಸಾಂಬಾರು ಚೆಲ್ಲಿತು. ಎಂಟು ದಿನ ಮಾಳಿಗೆಯಲ್ಲಿ ಮಲಗಿದ. ತಿಂಗಳ ಕೊನೆಗೆ ಆ ಎಂಟು ದಿನದ ಸಂಬಳ ಮುರಿದರು. ಧಣಿಗಳು ಕೆಟ್ಟವರಲ್ಲ, ಊರಿನ ದೇವಸ್ಥಾನಕ್ಕೆ ಧಾರಾಳವಾಗಿ ಕೊಡುವವರು. ಆದರೆ 'ಇದು ನ್ಯಾಯವಲ್ಲ' ಎಂದು ಅವರಿಗೆ ಹೇಳುವುದು ಅಲ್ಲಿ ಯಾರ ಕೆಲಸವೂ ಆಗಿರಲಿಲ್ಲ. ರಾತ್ರಿಶಾಲೆಗೆ ಹೋಗಿ ನಾಲ್ಕಕ್ಷರ ಕಲಿತ ಮೇಲೆಯೇ ನನಗದು ಹೊಳೆದದ್ದು.

ಈ ಪದವಿಗೆ ಕಾರ್ಮಿಕ ಕಾನೂನು, ವೇತನ, ನೇಮಕ, ತರಬೇತಿ, ತಂಟೆಗಳ ಇತ್ಯರ್ಥ ಎಲ್ಲವನ್ನೂ ಓದಬೇಕು. ಬರೇ ಪುಸ್ತಕವಲ್ಲ, ಕೆಲಸದ ಜಾಗಕ್ಕೆ ಹೋಗಿ ಕಲಿಯುವುದೂ ಉಂಟು.

ಆ ತಂದೆಯ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಅಧಿಕಾರಿಗೆ ಸಂಬಳ ಕೊಡುವವರು ಧಣಿಗಳೇ. ಕಷ್ಟ ಬಂದಾಗ ಅವನ ಲೇಖನಿ ಯಾವ ಕಡೆಗೆ ವಾಲುವುದೆಂದು ನಾವೆಲ್ಲ ಕಂಡಿದ್ದೇವೆ. ಆದುದರಿಂದ ಸಂಘ ಬೇಕೇ ಬೇಕು. ಹತ್ತಿಪ್ಪತ್ತು ಜನರ ಹೋಟೆಲಿಗೆ ಕಲ್ಯಾಣಾಧಿಕಾರಿ ಬರುವುದೇ ಇಲ್ಲ. ಅಲ್ಲಿ ಸಂಘವೇ ಗತಿ. ಆದರೆ ಆ ಕುರ್ಚಿ ಖಾಲಿಯಂತೂ ಇರುವುದಿಲ್ಲ, ಯಾರಾದರೊಬ್ಬರು ಕೂತೇ ಕೂರುತ್ತಾರೆ. ಸುಟ್ಟ ಕೈಯನ್ನು ಮನೆಯಲ್ಲೇ ಕಂಡ ಹುಡುಗಿ ಕೂತರೆ ರುಜು ಹಾಕುವ ಮೊದಲು ಒಂದು ಗಳಿಗೆ ನಿಂತಾಳು. ಆ ಒಂದು ಗಳಿಗೆಯಲ್ಲಿ ಎಷ್ಟೋ ಸಂಸಾರ ಉಳಿಯುತ್ತದೆ.

ಬಂಧುಗಳೇ, ಅವಳು ಅರ್ಜಿ ಹಾಕಿದ್ದಾಳೆ. ಶುಲ್ಕ ನಮ್ಮಂಥವರಿಗೆ ಸಣ್ಣದಲ್ಲ. ಸಂಘದ ವಿದ್ಯಾನಿಧಿಗೆ ಕೈಲಾದಷ್ಟು ಕೊಡಿ. ಹಣದ ಜತೆಗೆ ನಿಮ್ಮ ಅನುಭವವನ್ನೂ ಅವಳಿಗೆ ಹೇಳಿ. ಅದು ಯಾವ ಪುಸ್ತಕದಲ್ಲಿಯೂ ಸಿಗದು.