ಮನೆಮಾತು ಮತ್ತು ರಾಷ್ಟ್ರ
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕರಾವಳಿಯ ನಾವು ಕೊಂಕಣಿಯಲ್ಲಿ ಪ್ರಾರ್ಥಿಸುತ್ತೇವೆ, ಕನ್ನಡದಲ್ಲಿ ಓದುತ್ತೇವೆ, ಪೇಟೆಯಲ್ಲಿ ತುಳುವಿನಲ್ಲಿ ವ್ಯವಹರಿಸುತ್ತೇವೆ. ಇದರಿಂದ ನಮ್ಮ ಭಾರತೀಯತೆಗೆ ಎಳ್ಳಷ್ಟೂ ಕುಂದು ಬಂದಿಲ್ಲ. ಆದರೆ ನಮ್ಮ ಮನೆಮಾತು ಇನ್ನೊಂದು ಶತಮಾನ ಬಾಳೀತೇ ಎಂಬುದನ್ನು ಈ ಶುಭಾವಸರದಲ್ಲಿ ನಾವು ಚಿಂತಿಸಬೇಕಾಗಿದೆ.

ಕೊಂಕಣಿಗೆ ಮಾನ್ಯತೆಯ ಕೊರತೆಯಿಲ್ಲ. 1975ರಲ್ಲಿ ಸಾಹಿತ್ಯ ಅಕಾಡೆಮಿಯು ಅದನ್ನು ಸ್ವತಂತ್ರ ಸಾಹಿತ್ಯಭಾಷೆಯೆಂದು ಮನ್ನಿಸಿತು. 1987ರಲ್ಲಿ ಅದು ಗೋವೆಯ ರಾಜಭಾಷೆಯಾಯಿತು. 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯನ್ನು ಸೇರಿತು. ಆದರೂ 2001ರ ಜನಗಣತಿಯಲ್ಲಿ ಸುಮಾರು 24 ಲಕ್ಷ 89 ಸಾವಿರವಿದ್ದ ಕೊಂಕಣಿಗರ ಸಂಖ್ಯೆ 2011ರಲ್ಲಿ 22 ಲಕ್ಷ 56 ಸಾವಿರಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ದೇಶದ ಜನಸಂಖ್ಯೆ ಶೇಕಡ 17ಕ್ಕೂ ಮೇಲ್ಪಟ್ಟು ಬೆಳೆದಿತ್ತು.

ಕಾರಣಗಳನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನಮ್ಮ ಕುಟುಂಬಗಳು ಚಿಕ್ಕದಾಗಿವೆ. ಯುವಜನರು ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳನ್ನು ಸೇರಿದ್ದಾರೆ. ಊರಿನಲ್ಲಿರುವ ತಂದೆತಾಯಿಯರಲ್ಲಿಯೂ ಎಷ್ಟೋ ಮಂದಿ ಮಕ್ಕಳೊಡನೆ ಇಂಗ್ಲಿಷಿನಲ್ಲಿ ಮಾತನಾಡುತ್ತಾರೆ. ಗಣತಿಯವರಾದರೋ ನಾವು ಹೇಳಿದ ಮಾತೃಭಾಷೆಯನ್ನೇ ಬರೆದುಕೊಳ್ಳುತ್ತಾರೆ.

ಕೊಂಕಣಿಯನ್ನು ಕಾಪಾಡುವುದೆಂದರೆ ಕನ್ನಡವನ್ನು ದೂರವಿಡುವುದೆಂದು ಯಾರೂ ಭಾವಿಸದಿರಲಿ. ಇಟಲಿಯಿಂದ ಬಂದ ಯೇಸುಸಭೆಯ ಗುರು ಮಾಫೇಯಿಯವರು 1882ರಲ್ಲಿ ಮಂಗಳೂರಿನಲ್ಲಿ ಕೊಂಕಣಿ ವ್ಯಾಕರಣವನ್ನು ಪ್ರಕಟಿಸಿದರು. ಬಳಿಕ 1912ರಲ್ಲಿ ಹೊರಟ ‘ಕೊಂಕಣಿ ದಿರ್ವೆಂ’, 1938ರಲ್ಲಿ ಹೊರಟ ‘ರಾಕ್ಣೊ’ ಪತ್ರಿಕೆಗಳು ಕನ್ನಡ ಲಿಪಿಯಲ್ಲಿಯೇ ನಮ್ಮ ಮನೆಗಳನ್ನು ತಲಪಿದವು. ಕನ್ನಡದ ಅಕ್ಷರವು ಕೊಂಕಣಿಯ ನುಡಿಗೆ ಆಶ್ರಯವಿತ್ತಿತು. ಗೌಡ ಸಾರಸ್ವತರು, ಖಾರ್ವಿಗಳು, ಕುಡುಬಿಗಳು ಈ ನುಡಿಯನ್ನು ನಮ್ಮೊಡನೆ ಹಂಚಿಕೊಂಡಿದ್ದಾರೆ. ಇದು ಒಂದು ಮತದ ಸೊತ್ತಲ್ಲ.

ನಮ್ಮ ಸಂವಿಧಾನವು ಯಾವ ಭಾಷೆಯನ್ನೂ ರಾಷ್ಟ್ರಭಾಷೆಯೆಂದು ಹೆಸರಿಸಿಲ್ಲ. ತಮ್ಮದೇ ಆದ ಭಾಷೆಯನ್ನು, ಲಿಪಿಯನ್ನು, ಸಂಸ್ಕೃತಿಯನ್ನು ಕಾಪಾಡಿಕೊಳ್ಳುವ ಹಕ್ಕನ್ನು ಅದರ 29ನೆಯ ವಿಧಿಯು ನಾಗರಿಕರಿಗೆ ನೀಡಿದೆ. 350ಎ ವಿಧಿಯು ಅಲ್ಪಸಂಖ್ಯಾತ ಭಾಷಾವರ್ಗದ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವೊದಗಿಸಲು ಯತ್ನಿಸಬೇಕೆಂದು ಸರಕಾರಗಳಿಗೆ ವಿಧಿಸಿದೆ. ಹೀಗೆ ಹಲವು ನುಡಿಗಳನ್ನು ಉಳಿಸಿಕೊಂಡೇ ಒಂದಾಗಿರುವುದು ಈ ರಾಷ್ಟ್ರದ ಸ್ವರೂಪವಾಗಿದೆ.

ಆದರೆ ತಾಯಿ ಮಗುವಿಗೆ ಕಲಿಸದ ಮಾತನ್ನು ಯಾವ ಕಾನೂನೂ ಉಳಿಸಲಾರದು. ಆದುದರಿಂದ ಸಂಜೆಯ ತೇರ್ಸವನ್ನು ಮಕ್ಕಳೊಡನೆ ಕೂಡಿ ಕೊಂಕಣಿಯಲ್ಲಿಯೇ ಹೇಳೋಣ. ಅಜ್ಜಅಜ್ಜಿಯರ ಮಾತು ಮೊಮ್ಮಕ್ಕಳಿಗೆ ಅರ್ಥವಾಗುವಂತೆ ನೋಡಿಕೊಳ್ಳೋಣ. ಗಣತಿಯವರು ಬಾಗಿಲಿಗೆ ಬಂದಾಗ ನಮ್ಮ ಮಾತೃಭಾಷೆಯ ಹೆಸರನ್ನು ಸಂಕೋಚವಿಲ್ಲದೆ ಹೇಳೋಣ.

ನಮ್ಮ ಹಿರಿಯರು ದೇವಾಲಯದೊಂದಿಗೆ ಒಂದು ನುಡಿಯನ್ನೂ ನಮಗೆ ಒಪ್ಪಿಸಿ ಹೋಗಿದ್ದಾರೆ. ಎರಡನ್ನೂ ಮುಂದಿನವರಿಗೆ ಒಪ್ಪಿಸುವ ಭಾಗ್ಯವನ್ನು ದೇವರು ನಮಗೆ ಕರುಣಿಸಲಿ.