ಬಾಣದ ತೂಕ, ಬಾಣದ ವೇಗ



ಈ ದಿನ ನಾನು ಮಾತನಾಡಲಿರುವ ವಿಷಯ ಕೇಳಿ ನಿಮಗೆ ಆಶ್ಚರ್ಯವಾಗಬಹುದು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರ್ ಬರೆದ ಗುಮಾಸ್ತನಿಗೆ ಬಿಲ್ಲು ಬಾಣದ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನನ್ನ ಎಂಟನೆಯ ವಯಸ್ಸಿನಲ್ಲಿ ಕಂಡ ಒಂದು ನೋಟ.

ಅದು 1970ನೆಯ ಇಸವಿ. ವಯನಾಡಿನ ನಮ್ಮ ಮನೆಯ ಹಿಂದೆ ಅಡಿಕೆ ತೋಟ, ತೋಟದ ಕೆಳಗೆ ತೋಡು. ಒಂದು ಬೆಳಿಗ್ಗೆ ಆ ತೋಡಿನ ನೀರಿನಲ್ಲಿ ಒಂದು ಕಡವೆ ನಿಂತಿತ್ತು. ನಮ್ಮ ನೆರೆಯವರು ಮಲಯಾಳದಲ್ಲಿ ಮ್ಲಾವು ಎನ್ನುತ್ತಾರಲ್ಲ, ಅದೇ. ಅದರ ಭುಜದಲ್ಲಿ ಒಂದು ಬಾಣ ನೇತಾಡುತ್ತಿತ್ತು. ಎರಡು ಬೆರಳಿನಷ್ಟೂ ಒಳಗೆ ಹೋಗಿರಲಿಲ್ಲ. ಗಾಯಕ್ಕೆ ಹುಳ ಬಿದ್ದಿತ್ತು. ಮೂರನೆಯ ದಿನ ಅದು ಅಲ್ಲೇ ಸತ್ತಿತು. ಬಾಣ ಬಿಟ್ಟವನು ಯಾರೋ ತಿಳಿಯಲಿಲ್ಲ. ನನ್ನ ತಂದೆ ಅಂದು ಊಟ ಮಾಡಲಿಲ್ಲ. ಅಷ್ಟು ಹತ್ತಿರದಿಂದ ಬಿಟ್ಟಿರಬಹುದಾದ ಬಾಣ ಒಳಗೆ ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಡವೆ, ಜಿಂಕೆಗಳ ಬೇಟೆ ಅಪರಾಧ. ಬೇಟೆ ಕಲಿಸುವುದಕ್ಕಾಗಿ ನಾನು ಈ ಭಾಷಣ ಮಾಡುತ್ತಿಲ್ಲ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಿವೃತ್ತನಾದ ಮೇಲೆ, ಅಮೆರಿಕದ ಮಿಚಿಗನ್ ರಾಜ್ಯದಲ್ಲಿ. ಮಗಳ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಅಲ್ಲಿ ಬಿಲ್ಲಿನಿಂದ ಜಿಂಕೆ ಬೇಟೆಯಾಡಲು ಸರಕಾರವೇ ಪರವಾನಗಿ ಕೊಡುತ್ತದೆ. ಅಕ್ಟೋಬರ್ 1ರಿಂದ ಅದರ ಋತು ಆರಂಭ. ಮಗಳ ಪಕ್ಕದ ಮನೆಯವರು ನನ್ನ ವಯಸ್ಸಿನವರೇ. ಒಂದು ಸಂಜೆ ಅವರು ಎರಡು ಬಾಣಗಳನ್ನು ನನ್ನ ಅಂಗೈಯಲ್ಲಿಟ್ಟು, ಯಾವುದನ್ನು ಆರಿಸುತ್ತೀರಿ ಎಂದು ಕೇಳಿದರು. ಒಂದರ ತೂಕ 360 ಗ್ರೇನ್, ಇನ್ನೊಂದರದ್ದು 540 ಗ್ರೇನ್ ಎಂದರು.

ಗ್ರೇನ್ ಎಂದರೆ ಧಾನ್ಯದ ಕಾಳು. ಹಿಂದೆ ಇಂಗ್ಲೆಂಡಿನಲ್ಲಿ ಬಾರ್ಲಿ ಕಾಳಿನಿಂದ ಹುಟ್ಟಿದ ತೂಕ ಅದು. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದ್ದಂತೆ. ಒಂದು ಗುಲಗಂಜಿ ಎಂದರೆ ಎರಡು ಗ್ರೇನಿಗಿಂತ ತುಸು ಕಡಿಮೆ. ಚಿನ್ನದ ಸಾಲದ ಮೇಜಿನಲ್ಲಿ ಕೂತವನಿಗೆ ಈ ಲೆಕ್ಕ ಕಷ್ಟವಲ್ಲ. ಒಂದು ತೊಲಕ್ಕೆ ಸರಿಯಾಗಿ 180 ಗ್ರೇನ್. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಹಾಗಾದರೆ ಮೊದಲನೆಯ ಬಾಣ ಎರಡು ತೊಲ, ಎರಡನೆಯದು ಮೂರು ತೊಲ. ನಾನು ಹಗುರವಾದದ್ದನ್ನೇ ಎತ್ತಿಕೊಂಡೆ. ಹಗುರವಾದದ್ದು ಬೇಗ ಹೋಗುತ್ತದೆ, ಬೇಗ ಹೋದದ್ದು ಆಳಕ್ಕೆ ಇಳಿಯುತ್ತದೆ ಎಂದು ನನ್ನ ತರ್ಕ. ಅವರು ನಕ್ಕರು. ಅವರೂ ಹಿಂದೆ ಹಾಗೆಯೇ ಎಣಿಸಿದ್ದರಂತೆ.

ಆಮೇಲೆ ಅವರು ಹೇಳಿದ ಲೆಕ್ಕವನ್ನು ನಿಮಗೆ ಒಪ್ಪಿಸುತ್ತೇನೆ. ಅವರದು ರಾಟೆಗಳಿರುವ ಕಾಂಪೌಂಡ್ ಬಿಲ್ಲು. 1960ರ ದಶಕದಲ್ಲಿ ಅಮೆರಿಕದ ಹೋಲೆಸ್ ವಿಲ್ಬರ್ ಆಲೆನ್ ಎಂಬವರು ಕಂಡುಹಿಡಿದದ್ದು. ಅದರಿಂದ ಎರಡು ತೊಲದ ಬಾಣ ಸೆಕೆಂಡಿಗೆ ಸುಮಾರು 87 ಮೀಟರ್ ವೇಗದಲ್ಲಿ ಹೊರಡುತ್ತದೆ. ಮೂರು ತೊಲದ್ದು ಸುಮಾರು 73 ಮೀಟರ್. ತೂಕವನ್ನೂ ವೇಗವನ್ನೂ ಗುಣಿಸಿ ನೋಡಿ. ಎರಡು ಗುಣಿಸು 87, ಅಂದರೆ 174. ಮೂರು ಗುಣಿಸು 73, ಅಂದರೆ 219. ಈ ಗುಣಲಬ್ಧಕ್ಕೆ ಶಾಲೆಯ ಪುಸ್ತಕದಲ್ಲಿ ಸಂವೇಗ ಎಂದು ಹೆಸರು. ಭಾರದ ಬಾಣ ನಿಧಾನವಾಗಿ ಹೋದರೂ ಅದರ ಸಂವೇಗ ಕಾಲು ಭಾಗದಷ್ಟು ಹೆಚ್ಚು.

ಶಕ್ತಿಯ ಲೆಕ್ಕ ಬೇರೆ. ಅಲ್ಲಿ ವೇಗವನ್ನು ವರ್ಗ ಮಾಡಬೇಕು. ಆ ಲೆಕ್ಕದಲ್ಲಿ ಎರಡು ಬಾಣಗಳಿಗೂ ಹೆಚ್ಚು ಕಡಿಮೆ ಒಂದೇ ಉತ್ತರ ಬರುತ್ತದೆ, ಯಾಕೆಂದರೆ ಎರಡಕ್ಕೂ ಶಕ್ತಿ ಕೊಟ್ಟದ್ದು ಒಂದೇ ಬಿಲ್ಲು. ಆದರೂ ಭಾರದ್ದಕ್ಕೆ ತುಸು ಹೆಚ್ಚೇ ಸಿಗುತ್ತದೆ. ಹಗುರವಾದ ಬಾಣ ಹೊರಟಾಗ ಉಳಿದ ಶಕ್ತಿ ಬಿಲ್ಲಿನಲ್ಲೇ ನಡುಗಾಗಿ, ಸದ್ದಾಗಿ ಹೋಗುತ್ತದೆ. ಆದ್ದರಿಂದಲೇ ಬಿಲ್ಲು ಮಾಡುವವರು ಎಳೆತದ ಒಂದು ಪೌಂಡಿಗೆ ಐದು ಗ್ರೇನಿಗಿಂತ ಕಡಿಮೆ ತೂಕದ ಬಾಣ ಹೂಡಬಾರದು ಎನ್ನುತ್ತಾರೆ. ಹೂಡಿದರೆ ಬಿಲ್ಲೇ ಮುರಿಯಬಹುದು.

ಮನೆಯಲ್ಲೇ ಇದನ್ನು ನೋಡಬಹುದು. ಒಂದು ಹಿಡಿ ಮಂಡಕ್ಕಿಯನ್ನು ಬೀಸಿ ಎಸೆಯಿರಿ, ಮಾರು ದೂರದಲ್ಲಿ ಉದುರುತ್ತದೆ. ಅಷ್ಟೇ ಜೋರಾಗಿ ಒಂದು ಗೋಲಿಕಲ್ಲು ಎಸೆಯಿರಿ, ಅಂಗಳ ದಾಟುತ್ತದೆ. ತಡೆ ಬಂದಾಗ ಹಗುರವಾದದ್ದು ಬೇಗ ಸೋಲುತ್ತದೆ. ಬಾಣಕ್ಕೆ ತಡೆ ಗಾಳಿಯೊಂದೇ ಅಲ್ಲ. ಚರ್ಮ, ಮಾಂಸ, ಪಕ್ಕೆಲುಬು, ಭುಜದ ಮೂಳೆ ಇವೆ.

ಬಾಣವು ಗುಂಡಿನ ಹಾಗೆ ಹೊಡೆತದ ಆಘಾತದಿಂದ ಕೊಲ್ಲುವುದಿಲ್ಲ. ಅದು ಕೊಯ್ಯುತ್ತದೆ. ಶ್ವಾಸಕೋಶವನ್ನು ಸೀಳಿಕೊಂಡು ಆಚೆ ಬದಿಗೆ ಹೊರಬಂದರೆ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ಎರಡು ಕಡೆ ಗಾಯವಾದರೆ ರಕ್ತದ ಜಾಡೂ ಸಿಗುತ್ತದೆ. ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದನ್ನು ನಾನು ತೋಡಿನಲ್ಲಿ ಕಂಡಿದ್ದೆ. ಆ ನೆರೆಯವರೂ ಕಂಡಿದ್ದರು. ಅವರ ಹಗುರವಾದ ಬಾಣ ಒಮ್ಮೆ ಜಿಂಕೆಯ ಭುಜದ ಮೂಳೆಗೆ ತಾಗಿ ನಿಂತಿತಂತೆ. ಎರಡು ರಾತ್ರಿ ಟಾರ್ಚು ಹಿಡಿದು ಹುಡುಕಿದರೂ ಅದು ಸಿಗಲಿಲ್ಲ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರದೇಶದಲ್ಲಿ ಡಾಕ್ಟರ್ ಎಡ್ ಆಶ್ಬಿ ಎಂಬವರು ಇದನ್ನೇ ಪರೀಕ್ಷೆ ಮಾಡಿದರು. ದಪ್ಪ ಮೂಳೆಯನ್ನು ಭೇದಿಸಬೇಕಾದರೆ ಬಾಣ ಸುಮಾರು 650 ಗ್ರೇನ್ ತೂಗಬೇಕು ಎಂಬುದು ಅವರ ತೀರ್ಮಾನಗಳಲ್ಲಿ ಒಂದು. ನಮ್ಮ ಲೆಕ್ಕದಲ್ಲಿ ಮೂರೂವರೆ ತೊಲಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ತೂಕಕ್ಕಿಂತಲೂ ಮೊದಲು ಅವರು ಹೇಳುವುದು ಎರಡು ಸಂಗತಿಗಳನ್ನು. ಒಂದು, ಬಾಣವೂ ಅದರ ಅಲಗೂ ಮುರಿಯಬಾರದು, ಬಾಗಬಾರದು. ಎರಡು, ಬಾಣ ಓಲಾಡದೆ ನೇರವಾಗಿ ಹಾರಬೇಕು. ಓಲಾಡುವ ಬಾಣ ಓರೆಯಾಗಿ ತಾಗಿ ತನ್ನ ಬಲವನ್ನೆಲ್ಲ ಪಕ್ಕಕ್ಕೆ ಚೆಲ್ಲುತ್ತದೆ. ಓರೆಯಾಗಿ ಬಡಿದ ಮೊಳೆ ಹಲಗೆಗೆ ಇಳಿಯುತ್ತದೆಯೇ?

ಹಾಗಾದರೆ ವೇಗಕ್ಕೆ ಬೆಲೆಯೇ ಇಲ್ಲವೇ? ಇದೆ. ದೂರದ ಅಂದಾಜು ತಪ್ಪಿದಾಗ ವೇಗ ಕಾಪಾಡುತ್ತದೆ. 30 ಮೀಟರ್ ದೂರವನ್ನು 25 ಎಂದು ತಪ್ಪು ತಿಳಿದಿರಿ ಎನ್ನೋಣ. ಹಗುರವಾದ ಬಾಣ ಗುರಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳುತ್ತದೆ, ಭಾರದ್ದು ಸುಮಾರು 15. ಆ ಜಿಂಕೆಯ ಮರ್ಮಸ್ಥಾನದ ಅಗಲ ಒಂದು ಗೇಣು. ಅದರ ನಡುವಿಗೆ ಗುರಿಯಿಟ್ಟರೆ 10 ಒಳಗೆ ಉಳಿಯುತ್ತದೆ, 15 ಹೊರಗೆ ಹೋಗುತ್ತದೆ. ಬಹಳ ಮಂದಿ ಹಗುರವಾದದ್ದನ್ನು ಕೊಳ್ಳುವುದು ಈ ಕಾರಣಕ್ಕೆ.

ಬೇಗ ಹೋದರೆ ಜಿಂಕೆಗೆ ತಪ್ಪಿಸಿಕೊಳ್ಳಲು ಸಮಯವಿರದು ಎಂದೂ ಕೆಲವರು ವಾದಿಸುತ್ತಾರೆ. ಆ ಲೆಕ್ಕವೂ ನೋಡಿ. 20 ಮೀಟರ್ ದೂರಕ್ಕೆ ಹಗುರವಾದ ಬಾಣಕ್ಕೆ ಬೇಕಾದದ್ದು ಸೆಕೆಂಡಿನ ನೂರರಲ್ಲಿ 23 ಭಾಗ, ಭಾರದ್ದಕ್ಕೆ 27 ಭಾಗ. ಬಿಲ್ಲಿನ ಸದ್ದಿಗೆ ಬೇಕಾದದ್ದು 6 ಭಾಗ ಮಾತ್ರ. ಯಾವ ಬಾಣವೂ ಸದ್ದನ್ನು ಗೆಲ್ಲುವುದಿಲ್ಲ. ಭಾರದ ಬಾಣ ಹೂಡಿದ ಬಿಲ್ಲು ಸದ್ದನ್ನು ಕಡಿಮೆ ಮಾಡುತ್ತದೆ, ಅಷ್ಟೇ ಲಾಭ.

ಹೀಗಾಗಿ ಆ ನೆರೆಯವರು ಕೊನೆಗೆ ತಲುಪಿದ ತೀರ್ಮಾನ ಸರಳವಾದದ್ದು. ಭಾರದ ಬಾಣ, ಕ್ಷೌರದ ಕತ್ತಿಯಂಥ ಅಲಗು, 20 ಮೀಟರಿನೊಳಗಿನ ದೂರ. ಅಷ್ಟು ಹತ್ತಿರ ಹೋಗಲಾಗದಿದ್ದರೆ ಬಿಡದೆ ಮನೆಗೆ ಬರುವುದು. ಕಳೆದ ಋತುವಿನಲ್ಲಿ ಅವರು ಹನ್ನೊಂದು ದಿನ ಮರದ ಮೇಲೆ ಕೂತು ಒಂದೂ ಬಾಣ ಬಿಡದೆ ಬಂದರಂತೆ.

ಇದು ಹೊಸ ಬುದ್ಧಿಯೇನಲ್ಲ. ಆ ದೇಶದ ಈಗಿನ ಬಿಲ್ಲುಬೇಟೆಗಾರರು ಗುರುಸ್ಥಾನದಲ್ಲಿಡುವ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಅವರು ಬಿಲ್ಲು ಹಿಡಿಯಲು ಕಲಿತದ್ದು ಇಷಿ ಎಂಬ ಯಾಹಿ ಬುಡಕಟ್ಟಿನವನಿಂದ. 1911ರಲ್ಲಿ ತನ್ನವರನ್ನೆಲ್ಲ ಕಳೆದುಕೊಂಡು ಒಬ್ಬನೇ ಕ್ಯಾಲಿಫೋರ್ನಿಯಾದ ಕಾಡಿನಿಂದ ಹೊರಬಂದವನು ಅವನು. 1916ರಲ್ಲಿ ಕ್ಷಯರೋಗದಿಂದ ತೀರಿಕೊಂಡ.

ನಮ್ಮ ಮಣ್ಣಿನಲ್ಲೂ ಅಂಥವರಿದ್ದರು. 1802ರ ಅಕ್ಟೋಬರದಲ್ಲಿ ತಲಕ್ಕಲ್ ಚಂದುವಿನ ನಾಯಕತ್ವದಲ್ಲಿ ಕುರಿಚ್ಯರು ಪನಮರದ ಕೋಟೆಯನ್ನು ಕಂಪೆನಿಯ ಬಂದೂಕಿನ ಸಿಪಾಯಿಗಳಿಂದ ಕಿತ್ತುಕೊಂಡದ್ದು ಬಿಲ್ಲಿನ ಬಲದಿಂದ. ಬಾಣಕ್ಕೆ ಮಲಯಾಳದಲ್ಲಿ ಅಂಬು ಎನ್ನುತ್ತಾರೆ, ನಮ್ಮ ಹಿರಿಯರ ಕನ್ನಡದಲ್ಲೂ ಅಂಬು. ಗಡಿಯ ಎರಡೂ ಕಡೆ ಹೆಸರು ಒಂದೇ.

ಶ್ರೋತೃಗಳೇ, ಐವತ್ತು ವರ್ಷಗಳ ಮೇಲೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ಬಾಣ ಹಗುರವಾಗಿತ್ತೋ, ಮೊಂಡಾಗಿತ್ತೋ, ಓಲಾಡಿತೋ, ಈ ಮೂರರಲ್ಲಿ ಒಂದು. ಬಿಟ್ಟವನಿಗೆ ಅದನ್ನು ಮೊದಲೇ ತೂಗಿ ನೋಡುವ ತಾಳ್ಮೆ ಇರಲಿಲ್ಲ. ಕಷ್ಟಪಟ್ಟದ್ದು ಕಡವೆ.

ಈಗಲೂ ನಿಮ್ಮ ತೋಟದಂಚಿನಲ್ಲಿ ಉರುಳಿನದೋ ಬಾಣದ್ದೋ ಗಾಯ ಹೊತ್ತ ಪ್ರಾಣಿ ಕಂಡರೆ, ಹತ್ತಿರ ಹೋಗಬೇಡಿ, ಸುಮ್ಮನೆಯೂ ಇರಬೇಡಿ. ಅರಣ್ಯ ಕಚೇರಿಗೆ ಆ ದಿನವೇ ತಿಳಿಸಿ. ನಾವು ಮೂರು ದಿನ ಕಾದೆವು. ನೀವು ಕಾಯಬೇಡಿ.