ಹೊಂಗೆಯ ನಾಮಧೇಯ

ಚಿನಕುರಳಿಯ ಆಸುಪಾಸಿನಲ್ಲಿ ಯುಗಾದಿಯ ಹೊತ್ತಿಗೆ ಹೊಂಗೆಯ ಮರವು ಹಳೆಯ ಎಲೆಗಳನ್ನು ಕಳಚಿ ಎಳೆಹಸುರನ್ನು ತಳೆದು, ನಸುನೇರಿಳೆ ಬೆರೆತ ಬಿಳಿಯ ಹೂಗಳನ್ನು ನೆಲಕ್ಕೆ ಚೆಲ್ಲುವಾಗ, ಅದರ ನೆರಳಿನಲ್ಲಿ ನಿಂತವನಿಗೆ ಹೆಸರನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಟಿಗೆ ಮುನ್ನ ಅದರ ಸೊಪ್ಪನ್ನು ಕೆಸರುಗದ್ದೆಯಲ್ಲಿ ತುಳಿದು, ಬೀಜದ ಎಣ್ಣೆಯಿಂದ ದೀಪ ಹಚ್ಚಿ, ಉಳಿದ ಹಿಂಡಿಯನ್ನು ಮತ್ತೆ ಹೊಲಕ್ಕೇ ಉಣಿಸಿದ ರೈತನಿಗೆ ಆ ಮರದ ಪರಿಚಯವು ಕೈಯಿಂದಲೇ ಆದದ್ದು.

ಶಾಸ್ತ್ರಜ್ಞರಿಗಾದರೋ ಈ ಪರಿಚಯವು ಸುಲಭವಾಗಿ ಒದಗಲಿಲ್ಲ. 1753ರಲ್ಲಿ ಸ್ವೀಡನ್ನಿನ ಲಿನೇಯಸನು ಇದನ್ನು ಸೈಟಿಸಸ್ ಪಿನ್ನೇಟಸ್ ಎಂದು ಕರೆದನು. ಒಂದು ಕಡ್ಡಿಯ ಎರಡು ಪಕ್ಕದಲ್ಲಿಯೂ ಎದುರುಬದುರಾಗಿ ಜೋಡಿಗೂಡಿದ ಕಿರುಎಲೆಗಳು, ತುದಿಯಲ್ಲಿ ಒಂಟಿಯಾದ ಮತ್ತೊಂದು. ಹಕ್ಕಿಯ ಗರಿಯಂತಹ ಈ ಜೋಡಣೆಯನ್ನೇ ಆ ಎರಡನೆಯ ಪದವು ಹೇಳುತ್ತದೆ. ಕುಲದ ನಿರ್ಣಯ ತಪ್ಪಿತ್ತು, ಎಲೆಯ ವರ್ಣನೆ ತಪ್ಪಿರಲಿಲ್ಲ. ಮೊದಲಿಟ್ಟ ವಿಶೇಷಣವನ್ನು ಉಳಿಸಿಕೊಳ್ಳುವುದು ಶಾಸ್ತ್ರದ ನಿಯಮವಾದುದರಿಂದ, 1899ರಲ್ಲಿ ಪಿಯರ್ ಎಂಬ ಫ್ರೆಂಚ್ ವಿದ್ವಾಂಸನು ಮರವನ್ನು ಪೊಂಗಾಮಿಯ ಕುಲಕ್ಕೆ ಸೇರಿಸಿದಾಗಲೂ, 1989ರಲ್ಲಿ ನಮ್ಮ ದೇಶದ ಪಾಣಿಗ್ರಾಹಿಯವರು ಮಿಲ್ಲೆಟಿಯ ಕುಲಕ್ಕೆ ಒಯ್ದಾಗಲೂ, ಪಿನ್ನೇಟ ಎಂಬ ವಿಶೇಷಣವು ಮರದ ಜೊತೆಯಲ್ಲೇ ನಡೆಯಿತು. ಮೊದಲು ನಾಮಕರಣ ಮಾಡಿದವನ ಹೆಸರಿನ ಮೊದಲಕ್ಷರವೂ ಸಸ್ಯನಾಮದ ಪಕ್ಕದ ಆವರಣದೊಳಗೆ ಉಳಿಯಿತು. ಪೂರ್ವಿಕರ ಋಣವನ್ನು ಹೀಗೆ ವಿಧಿಪೂರ್ವಕವಾಗಿ ಬರೆದಿಡುವ ಶಾಸ್ತ್ರವನ್ನು ನಾನು ಗೌರವಿಸುತ್ತೇನೆ.

ಆದರೆ ಊರಿನವರ ಋಣ? ಅಮೆರಿಕದ ಜೌಗು ನೆಲದಲ್ಲಿ ಬೆಳೆಯುವ ಟುಪೆಲೊ ಮರಕ್ಕೆ ಆ ಹೆಸರು ಬಂದದ್ದು ಅಲ್ಲಿನ ಮೂಲನಿವಾಸಿಗಳಾದ ಕ್ರೀಕ್ ಜನರ ನುಡಿಯಿಂದ. ಶಾಸ್ತ್ರವಾದರೋ ಅದನ್ನು ಬದಿಗಿರಿಸಿ, ಗ್ರೀಕ್ ಪುರಾಣದ ಜಲಕನ್ಯೆಯೊಬ್ಬಳ ಹೆಸರಿನಿಂದ ನಿಸ್ಸ ಎಂದು ಕರೆಯಿತು. ನಮ್ಮ ಹೊಂಗೆಗೆ ಆ ಗತಿ ಬರಲಿಲ್ಲ. ಪೊಂಗಾಮಿಯ ಎಂಬುದು ಮಲಬಾರಿನ ಜನ ಮರವನ್ನು ಕೂಗಿ ಕರೆಯುತ್ತಿದ್ದ ಪೊಂಗಂ ಎಂಬುದೇ; ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡನು ಹೊರತಂದ, 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಮೂಲಕ ಅದು ಯೂರೋಪಿಗೆ ಹೋಯಿತು. ಈಚೆಗೆ ಹಲವು ವಿದ್ವಾಂಸರು ಮಿಲ್ಲೆಟಿಯವನ್ನು ಬಿಟ್ಟು ಮತ್ತೆ ಪೊಂಗಾಮಿಯವನ್ನೇ ಎತ್ತಿಹಿಡಿದಿರುವುದು ನನಗೆ ನಿಜವಾಗಿಯೂ ಸಂತೋಷ ತಂದಿದೆ.

ಆ ಗ್ರಂಥಕ್ಕೆ ಗಿಡಮರಗಳ ಗುಣ ತಿಳಿಸಿಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರು. ಸಸ್ಯನಾಮದ ಆವರಣದಲ್ಲಿ ಇವರಾರಿಗೂ ಸ್ಥಳ ದೊರೆಯಲಿಲ್ಲ. ಆದರೂ ಅವರ ಸಾಕ್ಷ್ಯಪತ್ರಗಳು, ಅವರವರ ನುಡಿಯಲ್ಲಿ, ಅವರವರ ಲಿಪಿಯಲ್ಲಿ, ಮೊದಲನೆಯ ಸಂಪುಟದಲ್ಲಿಯೇ ಅಚ್ಚಾಗಿವೆ.